ಕೊಂಡದ್ದು 5ಕೆ ಪರದೆ, ಕಂಪ್ಯೂಟರ್ ಹಳೆಯದೇ

24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ 10 ಪಾಯಿಂಟಿನ ಅಕ್ಷರವನ್ನು ನಿಜ ಅಳತೆಯಲ್ಲಿಟ್ಟರೆ ಎತ್ತರಕ್ಕೆ ಸಿಗುವುದು ಸುಮಾರು 13 ಪಿಕ್ಸೆಲ್. ತಲೆಕಟ್ಟು, ಮೈ, ಒತ್ತು ಎಲ್ಲ ಅದರಲ್ಲೇ ಮುಗಿಯಬೇಕು. ಒತ್ತಿನ ಪಾಲಿಗೆ ನಾಲ್ಕೈದು ಉಳಿದರೆ ಪುಣ್ಯ. ಕೃ, ಕ್ರ ಎರಡೂ ಅಲ್ಲಿ ಒಂದೇ ಮಸಿ. ನುಡಿ ತಂತ್ರಾಂಶದಲ್ಲಿ ಟೈಪಿಸುವಾಗ ಶಿಫ್ಟ್ ಸರಿಯಾಗಿ ಒತ್ತದೆ ಧ ಹೋಗಿ ದ ಆದರೆ, ಅಡಿಯ ಆ ಸೀಳು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಪುಟ ಕಟ್ಟುವ ಪೇಜ್‌ಮೇಕರ್‌ನಲ್ಲಿ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿಗೆ ಕನ್ನಡ ಕಾಗುಣಿತ ಪರೀಕ್ಷೆಯ ನೆರವೂ ಇಲ್ಲ. ಹಾಗಾಗಿ ಪುಸ್ತಕಕ್ಕೆ ಪುಟ ಕಟ್ಟುವ ನಾವೆಲ್ಲ ಕಾಗದದ ಮೇಲೆ ಪ್ರೂಫ್ ಹೊಡೆದು ಹೊಡೆದು ಓದುವುದು.

ಪ್ರೂಫ್ ಕಾಗದದ ಖರ್ಚು ದೊಡ್ಡದಲ್ಲ. 200 ಪುಟಕ್ಕೆ ನಾಲ್ಕು ಸುತ್ತು ಅಂದರೂ ಸಾವಿರದ ಐನೂರು, ಆರುನೂರು. ಹೊಡೆತ ಬೀಳುವುದು ಮುದ್ರಣದ ಪ್ಲೇಟ್ ಆದ ಮೇಲೆ ತಪ್ಪು ಸಿಕ್ಕಿದಾಗ. ಸಂಘದ ಸ್ಮರಣ ಸಂಚಿಕೆಯೊಂದರಲ್ಲಿ 16 ಪುಟದ ಒಂದು ಫಾರಂ ಮತ್ತೆ ಮುದ್ರಿಸಬೇಕಾಗಿ ಬಂತು; ಪ್ಲೇಟ್, ಕಾಗದ, ಕೂಲಿ ಸೇರಿ ಏಳು ಸಾವಿರದ ಹತ್ತಿರ ಹೋಯಿತು. ವರ್ಷಕ್ಕೆ ಇಂಥವು ಎರಡು ಮೂರು ಬಿದ್ದರೆ ಒಳ್ಳೆಯ ಪರದೆಯ ದುಡ್ಡು ಅದರಲ್ಲೇ ಇದೆ.

"ಕಪ್ಪು-ಬಿಳುಪು ಪುಸ್ತಕಕ್ಕೆ ಅಂಥ ಪರದೆ ಯಾಕೆ ಮಾರಾಯ್ರೆ, ಅದು ಫೋಟೋದವರಿಗೆ" ಎಂದರು ಕಸುಬಿನವರು. ಬಣ್ಣಕ್ಕಾಗಿ ಆಗಿದ್ದರೆ ಅವರ ಮಾತು ಸರಿ. ನನಗೆ ಬೇಕಾದದ್ದು ಒತ್ತು.

ಮೊದಲು ಪರದೆಯೊಳಗೇ ಕಂಪ್ಯೂಟರ್ ಇರುವ ಆಪಲ್‌ನ ಇಡೀ ಐಮ್ಯಾಕನ್ನೇ ನೋಡಿದೆ. 27 ಇಂಚಿನ 5ಕೆ ಐಮ್ಯಾಕ್ 2014ರಲ್ಲಿ ಬಂದದ್ದು. ಅಡ್ಡಕ್ಕೆ 5120, ಎತ್ತರಕ್ಕೆ 2880 ಪಿಕ್ಸೆಲ್; ಇಂಚಿಗೆ 218. 2022ರಲ್ಲಿ ನಿಲ್ಲಿಸಿಬಿಟ್ಟರು. ಈಗ ಹೊಸದಾಗಿ ಸಿಗುವ 24 ಇಂಚಿನದು 4.5ಕೆ, ದಟ್ಟಣೆ ಅಷ್ಟೇ, ಆದರೆ ಅದರ ಎಂ ಸರಣಿಯ ಚಿಪ್‌ಗೆ ವಿಂಡೋಸ್ ಹಾಕಿಕೊಳ್ಳುವ ಬೂಟ್ ಕ್ಯಾಂಪ್ ಇಲ್ಲ. ಪೇಜ್‌ಮೇಕರ್ ಫೈಲು, ನುಡಿ ಎಲ್ಲ ವಿಂಡೋಸ್‌ನಲ್ಲೇ ಇರುವವರಿಗೆ ಅಲ್ಲಿಗೇ ಬಾಗಿಲು ಮುಚ್ಚಿತು. ಹಳೆಯ ಇಂಟೆಲ್ ಐಮ್ಯಾಕ್‌ನಲ್ಲಿ ವಿಂಡೋಸ್ ಓಡುತ್ತದೆ, ಆದರೆ ಹತ್ತಿರ ಹತ್ತಿರ ಹತ್ತು ವರ್ಷದ ಯಂತ್ರಕ್ಕೆ ಆ ದುಡ್ಡು ಕೊಡಲು ಮನಸ್ಸಾಗಲಿಲ್ಲ. ಅದನ್ನು ಮಾನಿಟರ್ ಆಗಿ ಬಳಸೋಣವೆಂದರೆ ಟಾರ್ಗೆಟ್ ಡಿಸ್‌ಪ್ಲೇ ಮೋಡ್ 5ಕೆ ಮಾದರಿಗಳಲ್ಲಿ ಇಲ್ಲವೇ ಇಲ್ಲ. ಗೊತ್ತಿಲ್ಲದೆ ಕೊಂಡು ಕೈಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ.

ಮಧ್ಯೆ 43 ಇಂಚಿನ 4ಕೆ ಟಿವಿಯನ್ನೂ ಹಚ್ಚಿ ನೋಡಿದೆ. ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಇಂಚಿಗೆ 102 ಪಿಕ್ಸೆಲ್. ಮೇಲಿಂದ ಟಿವಿ ಬಣ್ಣದ ಮಾಹಿತಿಯನ್ನು ಅರ್ಧಕ್ಕರ್ಧ ಕತ್ತರಿಸುವುದರಿಂದ ಕೆಂಪಿನಲ್ಲಿ ಗುರುತು ಹಾಕಿದ ತಿದ್ದುಪಡಿಗಳ ಅಂಚು ಹರಡಿಕೊಂಡವು. ಪಿಸಿ ಮೋಡ್‌ಗೆ ಹಾಕಿದ ಮೇಲೆ ಅದು ಸರಿಹೋಯಿತು, ಒತ್ತು ಸರಿಹೋಗಲಿಲ್ಲ.

27 ಇಂಚಿನ 4ಕೆ ಮಾನಿಟರ್, ಇಂಚಿಗೆ 163 ಪಿಕ್ಸೆಲ್, ತಳ್ಳಿಹಾಕುವಂಥದ್ದಲ್ಲ. ಎರಡು ಅಡಿ ದೂರದಿಂದ ಒಳ್ಳೆಯ ಕಣ್ಣಿಗೆ 143ರಾಚೆ ಪಿಕ್ಸೆಲ್ ಬಿಡಿಬಿಡಿಯಾಗಿ ಕಾಣುವುದಿಲ್ಲ. ಆದರೆ ಪ್ರೂಫ್ ಓದುವವ ನೆಟ್ಟಗೆ ಕೂರುತ್ತಾನೆಯೇ? ಒಂದೂವರೆ ಅಡಿಗೆ ಬಾಗುತ್ತಾನೆ, ಅಲ್ಲಿ 191 ಬೇಕು. ಹಾಗಾಗಿ 218. ಆಪಲ್‌ನದೇ 5ಕೆ ಮಾನಿಟರ್ ಸ್ಟುಡಿಯೋ ಡಿಸ್‌ಪ್ಲೇ 2022ರಲ್ಲಿ ಬಂದಾಗ ಒಂದು ಲಕ್ಷ ಐವತ್ತೊಂಬತ್ತು ಸಾವಿರ ಚಿಲ್ಲರೆ ಇತ್ತು. ಆ ಮಾತು ಅಲ್ಲಿಗೇ ಬಿಟ್ಟೆ.

ಉಳಿದ ದಾರಿ ಒಂದೇ: ಬೋರ್ಡ್ ಕೈಕೊಡುತ್ತಿರುವ 5ಕೆ ಐಮ್ಯಾಕ್ ಕೊಂಡು, ಒಳಗಿನದ್ದೆಲ್ಲ ಬಿಚ್ಚಿ, ಅದರ ಪ್ಯಾನೆಲನ್ನು ಬರೀ ಮಾನಿಟರ್ ಆಗಿಸುವ ಡ್ರೈವರ್ ಬೋರ್ಡ್ ಕೂರಿಸುವುದು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಾಲ್ಕೈದು ಸಲ ಅಲೆದೆ. ಪೂರ್ತಿ ಸತ್ತದ್ದು ಬೇಡ, ಬೂದು ಪರದೆಯಾದರೂ ಹೊತ್ತಬೇಕು. ಬೂದು ಬಣ್ಣದಲ್ಲಿ ಅಂಚು ಗುಲಾಬಿಗೆ ತಿರುಗಿದೆಯೇ, ಹಳೆಯ ಕಿಟಕಿಯ ನೆರಳು ಉಳಿದಿದೆಯೇ ನೋಡಿ. ಈ ಪ್ಯಾನೆಲ್‌ಗಳ ಹಳೇ ಕಾಯಿಲೆ ಅವು. 17 ಸಾವಿರಕ್ಕೆ ಸಿಕ್ಕಿತು. ಅಂಗಡಿ ಯಾವುದೆಂದು ಮಾತ್ರ ಕೇಳಬೇಡಿ, ನನಗೇ ಇನ್ನೊಂದು ಬೇಕಿದೆ. ಒಂಬತ್ತೂವರೆ ಕಿಲೋ ಭಾರ, ಮುಂದೆ ಪೂರ್ತಿ ಗಾಜು. ಲೋಕಲ್ ಟ್ರೈನಿನ ಆಸೆ ಬಿಟ್ಟು ಟ್ಯಾಕ್ಸಿ ಹಿಡಿಯಿರಿ. ಇದಕ್ಕೆ ಮೊದಲು ಬಿಡಿ ಪ್ಯಾನೆಲ್ ಕೊರಿಯರ್‌ನಲ್ಲಿ ತರಿಸಿ 8 ಸಾವಿರ ನೀರಿಗೆ ಹಾಕಿದ್ದೆ, ಮೂಲೆ ಬಿರುಕುಬಿಟ್ಟು ಬಂತು.

ಆರ್1811 ಎಂಬ ಡ್ರೈವರ್ ಬೋರ್ಡ್, ಅಡಾಪ್ಟರ್ ಸೇರಿ ಹದಿಮೂರು, ಹದಿಮೂರೂವರೆ ಸಾವಿರ. ಆರ್ಡರ್ ಮಾಡುವ ಮುಂಚೆ ಗಾಜು ಬಿಚ್ಚಿ ಪ್ಯಾನೆಲ್ ಬೆನ್ನಿನ ಚೀಟಿ ಓದಿಕೊಳ್ಳಿ. ಎಲ್‌ಎಂ270ಕ್ಯೂಕ್ಯೂ1 ಅಂದರೆ ಸಾಲದು, ಅದರ ಬಾಲವನ್ನೂ ಹೇಳಬೇಕು: ಎಸ್‌ಡಿಎ2, ಎಸ್‌ಡಿಬಿ1 ಹೀಗೆ. ನಾನು ಹೇಳಲಿಲ್ಲ, ಬಂದ ಬೋರ್ಡ್‌ನಲ್ಲಿ ಚಿತ್ರ ಮೂಡಿತು, ಬ್ಯಾಕ್‌ಲೈಟ್ ಹೊತ್ತಲಿಲ್ಲ. ಬದಲಿ ಬರಲು ಐದು ವಾರ. ಹಳೆಯ ಪವರ್ ಸಪ್ಲೈ ಬಿಚ್ಚುವ ಮುಂಚೆ ಪ್ಲಗ್ ತೆಗೆದು ಒಂದು ರಾತ್ರಿ ಬಿಡಿ, ಆಮೇಲೂ ಕೆಪಾಸಿಟರ್ ಇರುವ ಬದಿಗೆ ಬೆರಳು ತಾಗಿಸಬೇಡಿ.

ಮುಂದಿನ ಎಡವಟ್ಟು ಕೇಬಲ್‌ನದು. 5ಕೆ, 60 ಹರ್ಟ್ಸ್ ಅಂದರೆ ಸೆಕೆಂಡಿಗೆ 21 ಗಿಗಾಬಿಟ್‌ಗೂ ಮೇಲೆ. ಎಚ್‌ಡಿಎಂಐ 2.0 ಹೊರುವುದು 14 ಚಿಲ್ಲರೆ, ಡಿಸ್‌ಪ್ಲೇಪೋರ್ಟ್ 1.2 ಹೊರುವುದು 17 ಚಿಲ್ಲರೆ. ಪಿಸಿಯಲ್ಲಿದ್ದದ್ದು 1.2. ಪರದೆ 4ಕೆಯಲ್ಲೇ ನಿಂತಿತು, ನಾನು ಎರಡು ದಿನ ಬೋರ್ಡನ್ನು ಬೈದೆ. 1.4 ಇರುವ ಹಳೇ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ 6 ಸಾವಿರಕ್ಕೆ ತಂದು ಹಾಕಿದೆ, 5ಕೆ ಬಂತು. ಕೇಬಲ್, ಅಂಟುಪಟ್ಟಿ ಸೇರಿ ಒಟ್ಟು 38-39 ಸಾವಿರ. ಒಡೆದ ಪ್ಯಾನೆಲ್ ಸೇರಿಸಿದರೆ 47.

ಇಷ್ಟಾದರೂ ಪೇಜ್‌ಮೇಕರ್ ತೆರೆದರೆ ಅದೇ ಮಬ್ಬು! ಹಳೆಯ ತಂತ್ರಾಂಶವನ್ನು ವಿಂಡೋಸ್ ಚಿತ್ರದಂತೆ ಹಿಗ್ಗಿಸಿ ತೋರಿಸುತ್ತದೆ, ಹೆಚ್ಚಿನ ಪಿಕ್ಸೆಲ್ ವ್ಯರ್ಥ. ಹೈ ಡಿಪಿಐ ಸೆಟ್ಟಿಂಗ್‌ನಲ್ಲಿ 'ಅಪ್ಲಿಕೇಷನ್' ಎಂದು ಕೊಟ್ಟರೆ ಅಕ್ಷರ ಚೊಕ್ಕ, ಮೆನು ಮಾತ್ರ ಇರುವೆಯಷ್ಟು. "ಹೇಳಿರಲಿಲ್ಲವೇ?" ಎಂದು ನಕ್ಕವರು ನಕ್ಕರು.

ಟೈಪಿಂಗ್, ಪುಟ ಕಟ್ಟುವುದು ಹಳೆಯ 24 ಇಂಚಿನಲ್ಲೇ ಇರಲಿ ಅಂದುಕೊಂಡೆ. ಓದಲು ಮಾತ್ರ ಪಿಡಿಎಫ್ ಮಾಡಿ ಪಕ್ಕದ 5ಕೆಯಲ್ಲಿ ತೆರೆಯುವುದು. ಆಕ್ರೊಬ್ಯಾಟ್‌ನ ಪ್ರಿಫರೆನ್ಸಸ್, ಪೇಜ್ ಡಿಸ್‌ಪ್ಲೇಯಲ್ಲಿ ಕಸ್ಟಮ್ ರೆಸಲ್ಯೂಶನ್ 218 ಎಂದು ಕೊಡಿ. ಆಮೇಲೆ ನೂರು ಶೇಕಡಾ ಎಂದರೆ ನಿಜವಾದ ಅಳತೆ. ಸ್ಕೇಲ್ ಇಟ್ಟು ನೋಡಿ, ಡೆಮಿ ಅಳತೆಯ ಪುಸ್ತಕದ ಪುಟ ಡೆಮಿಯಷ್ಟೇ ಕೂರುತ್ತದೆ. 'ಎನ್‌ಹ್ಯಾನ್ಸ್ ಥಿನ್ ಲೈನ್ಸ್' ತೆಗೆಯಿರಿ, ಇಲ್ಲದಿದ್ದರೆ ಸಣ್ಣ ಗೆರೆ ದಪ್ಪವಾಗಿ ಕಂಡು ದಾರಿ ತಪ್ಪಿಸುತ್ತದೆ. 10 ಪಾಯಿಂಟಿಗೆ ಈಗ 30 ಪಿಕ್ಸೆಲ್. ಕೃ ಬೇರೆ, ಕ್ರ ಬೇರೆ. ಹಿನ್ನೆಲೆಗೆ ಯಾವ ಬಣ್ಣ ಇಟ್ಟರೆ ಅರ್ಕಾವತ್ತು ಎದ್ದು ಕಾಣುತ್ತದೆ ಎಂಬುದೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ.

ನಾಲ್ಕೈದು ಸುತ್ತಿನ ಪ್ರೂಫ್ ಎರಡಕ್ಕೆ ಇಳಿದಿದೆ. ಕಳೆದ ಹನ್ನೊಂದೋ ಹನ್ನೆರಡೋ ಪುಸ್ತಕಗಳಲ್ಲಿ ಪ್ಲೇಟ್ ಮರಳಿ ಬಂದಿಲ್ಲ. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಪಿಡಿಎಫ್ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ನನ್ನ ಗಾಳಾಕ್ಕೇ (ಕೆಲಸದ ಮಳಿಗೆಗೇ) ಬರುತ್ತಾರೆ. ಲಗ್ನಪತ್ರಿಕೆ, ಬ್ಯಾನರ್ ಮಾಡುವವರಿಗೆ ಮಾತ್ರ ಇದರ ಅಗತ್ಯ ಖಂಡಿತ ಇಲ್ಲ.

ಈ ಮುಂಬಯಿ ಮಳೆಗಾಲದಲ್ಲಿ ಗಾಜಿನ ಅಂಟುಪಟ್ಟಿ ಮೇಲಿನ ಎಡಮೂಲೆಯಲ್ಲಿ ಬಿಟ್ಟಿದೆ. ಒಮ್ಮೆ ಬಿಟ್ಟದ್ದು ಒತ್ತಿದರೆ ಹಿಡಿಯುವುದಿಲ್ಲ, ಹಳೆಯದನ್ನು ಪೂರ್ತಿ ಕೆರೆದು ಸ್ಪಿರಿಟ್‌ನಲ್ಲಿ ಒರೆಸಿ ಹೊಸದು ಹಾಕಬೇಕು. ಅಲ್ಲಿಯವರೆಗೆ ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಇಟ್ಟಿದ್ದೇನೆ, ಮೂಲೆಗೆ ಎರಡು ಸುತ್ತು ಟೇಪು.