ಕೊರಿಯಾಕ್ಕೆ ಬಂದ ಹೊಸಬರಿಗೆ: ನಾಯಿ ಮಾಂಸದ ಭಯ ಮತ್ತು ಮೊರಾನ್ ಸಂತೆ

ರೆಸಿಡೆನ್ಸ್ ಕಾರ್ಡಿಗೆ ಬಂದ 90 ದಿನದೊಳಗೆ ಅರ್ಜಿ ಹಾಕಿ. ಬ್ಯಾಂಕು, ಫೋನು ಎಲ್ಲ ಅದರ ಹಿಂದೆಯೇ ಬರುತ್ತವೆ. ಈಗ ಸಿಯೋಲ್ ಪಕ್ಕದ ಸುವಾನ್, ಸಂಗ್ನಮ್ ನಗರಗಳ ಕಡೆಗೆ ಕೆಲಸಕ್ಕೆ ಬರುವ ನಮ್ಮವರು ಮೊದಲ ವಾರವೇ ದನಿ ತಗ್ಗಿಸಿ ಕೇಳುವ ಪ್ರಶ್ನೆಗೆ ಬರೋಣ: "ಗೊತ್ತಿಲ್ಲದೆ ನಾಯಿ ಮಾಂಸ ತಿಂದುಬಿಟ್ರೆ?"

ಹೆದರಬೇಡಿ. ನಾಯಿ ಮಾಂಸ ಇಲ್ಲಿ ಹಂದಿಗಿಂತ ದುಬಾರಿ. ದುಬಾರಿ ಮಾಲನ್ನು ಅಗ್ಗದ ಮಾಲು ಅಂತ ಮಾರುವ ವ್ಯಾಪಾರಿ ಚಿಕ್ಕಪೇಟೆಯಲ್ಲೂ ಸಿಗಲ್ಲ. ಅದಕ್ಕೆ ಬೇರೆಯೇ ಅಂಗಡಿ ಇರುತ್ತದೆ. ಬೋರ್ಡಿನ ಮೇಲೆ ಬೊಶಿನ್‌ತಾಂಗ್, ಯೊಂಗ್ಯಾಂಗ್‌ತಾಂಗ್, ಸಾಚೊಲ್‌ತಾಂಗ್ ಎಂದಿದ್ದರೆ ಅವು ನಾಯಿ ಮಾಂಸದ ಸಾರಿನ ಹೆಸರುಗಳು, ಮುಂದೆ ನಡೆಯಿರಿ. ಹೋಗುವವರು ಹೆಚ್ಚಾಗಿ ವಯಸ್ಸಾದ ಗಂಡಸರು. ಬೇಸಿಗೆಯ ಬೊಕ್‌ನಾಲ್ ಎಂಬ ಅತಿ ಸೆಖೆಯ ದಿನಗಳಲ್ಲಿ ಆಫೀಸಿನವರು ಊಟಕ್ಕೆ ಕರೆದರೆ ಅದು ಬಹುಪಾಲು ಜಿನ್ಸೆಂಗ್ ಹಾಕಿ ಬೇಯಿಸಿದ ಕೋಳಿ. ಸಸ್ಯಾಹಾರಿಗಳಿಗೆ ನಿಜವಾದ ತೊಂದರೆ ಒಣ ಮೀನು ಕುದಿಸಿದ ಸಾರು, ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿಗೆ ಹಾಕುವ ಮೀನಿನ ರಸ. ನಾಯಿಗೆ ಹೆದರುವವರೇ ಅದನ್ನು ಸುರಿದುಕೊಂಡು "ಸೂಪರ್" ಅನ್ನುತ್ತಾರೆ!

ನೀವು ಯೂಟ್ಯೂಬಿನಲ್ಲಿ ನೋಡಿ ಬಂದಿರುವುದು ಹಳೆಯ ಮೊರಾನ್ ಸಂತೆ. ಸಂಗ್ನಮ್‌ನ ಈ ಸಂತೆ ತಾರೀಖಿನ ಕೊನೆಗೆ 4 ಅಥವಾ 9 ಬರುವ ದಿನ ಸೇರುತ್ತದೆ. ಹಿಂದೆ ಅಂಗಡಿ ಮುಂದೆಯೇ ಕಬ್ಬಿಣದ ಪಂಜರ, ಒಳಗೆ ಒತ್ತೊತ್ತಾಗಿ ನಾಯಿಗಳು. ಗಿರಾಕಿ ಬೆರಳು ತೋರಿಸಿದರೆ ಹಿಂದುಗಡೆ ಕೊಯ್ದು ಕೊಡುತ್ತಿದ್ದರು. ಫಾರಂಗಳಲ್ಲಿ ನೆಲದಿಂದ ಎತ್ತರಿಸಿದ ತಂತಿ ಗೂಡು, ಹೋಟೆಲಿನ ಎಂಜಲೇ ಮೇವು. ಇದೆಲ್ಲ ನಡೆದದ್ದು ಕಾನೂನಿನ ಸಂದಿಯಲ್ಲಿ. ಜಾನುವಾರು ಕಾಯ್ದೆಯಲ್ಲಿ ನಾಯಿ ಇತ್ತು, ಕಸಾಯಿಖಾನೆಯ ಶುಚಿತ್ವದ ಕಾಯ್ದೆಯಲ್ಲಿ ಇರಲಿಲ್ಲ. ಹಾಗಾಗಿ ಸಾಕಬಹುದಿತ್ತು. ಕೊಯ್ಯುವಾಗ ತಪಾಸಣೆ ಮಾಡುವ ಡಾಕ್ಟರೂ ಇಲ್ಲ, ಮಾಂಸದ ಮೇಲೆ ಮುದ್ರೆಯೂ ಇಲ್ಲ. ಕರೆಂಟ್ ಕೊಟ್ಟು ಕೊಲ್ಲುತ್ತಿದ್ದರು. ಕೋರ್ಟು ತಪ್ಪು ಅನ್ನುವ ಹೊತ್ತಿಗೆ ವರ್ಷಗಳೇ ಉರುಳಿದ್ದವು.

2016ರ ಕೊನೆಗೆ ನಗರಸಭೆಗೂ ವ್ಯಾಪಾರಿಗಳಿಗೂ ಒಪ್ಪಂದ ಆಯಿತು, ಪಂಜರ ತೆಗೆದರು. 2019ರಲ್ಲಿ ಬೂಸಾನ್‌ನ ಗುಪೊ ಸಂತೆಯ ನಾಯಿ ಅಂಗಡಿಗಳು ಮುಚ್ಚಿದವು. 2024ರ ಜನವರಿಯಲ್ಲಿ ಸಂಸತ್ತು 208 ಮತಗಳಿಂದ ನಿಷೇಧ ಕಾಯ್ದೆ ಪಾಸು ಮಾಡಿತು. ವಿರೋಧವಾಗಿ ಒಂದು ಮತವೂ ಇಲ್ಲ. ಕೊಂದರೆ 3 ವರ್ಷದವರೆಗೆ ಜೈಲು ಅಥವಾ 3 ಕೋಟಿ ವೊನ್ ದಂಡ, ಸಾಕಿದರೆ, ಮಾರಿದರೆ 2 ವರ್ಷದವರೆಗೆ ಜೈಲು. ಶಿಕ್ಷೆ ಜಾರಿ 2027ರ ಫೆಬ್ರವರಿಯಿಂದ, ಅಲ್ಲಿಯವರೆಗೆ ಅಂಗಡಿ ಮುಚ್ಚಲು ಗಡುವು. ತಿಂದವರಿಗೆ ಶಿಕ್ಷೆಯಿಲ್ಲ. ಮೊರಾನ್‌ನಲ್ಲಿ ಅನೇಕರು ಕರಿ ಮೇಕೆಯ ಮಾಂಸಕ್ಕೆ ಹೊರಳಿದ್ದಾರೆ.

ಇನ್ನೊಂದು ಮಾತು. ಆಫೀಸಿನಲ್ಲಿ "ನಮ್ಮ ದೇಶದಲ್ಲಿ ಇದೆಲ್ಲ ಇಲ್ಲಪ್ಪ" ಅನ್ನಬೇಡಿ. ನಾಗಾಲ್ಯಾಂಡ್ 2020ರಲ್ಲಿ ನಾಯಿ ಮಾಂಸ ಮಾರಾಟ ನಿಷೇಧಿಸಿತು, 2023ರಲ್ಲಿ ಗೌಹಾಟಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಬೆಂಗಳೂರಿನ ರೈಲ್ವೆ ಸ್ಟೇಷನ್‌ನಲ್ಲಿ 2024ರ ಜುಲೈನಲ್ಲಿ ನಡೆದದ್ದು ನೆನಪಿದೆ ತಾನೇ? ರಾಜಸ್ಥಾನದಿಂದ ಬಂದ ಪೆಟ್ಟಿಗೆಗಳಲ್ಲಿ ನಾಯಿ ಮಾಂಸ ಎಂದು ಗಲಾಟೆಯೋ ಗಲಾಟೆ. ಲ್ಯಾಬಿನ ವರದಿ ನಾಯಿಯದಲ್ಲ ಎಂದಿತು. ಗುಲ್ಲು ಹಬ್ಬಿದಷ್ಟು ಜೋರಾಗಿ ವರದಿ ಹಬ್ಬಲಿಲ್ಲ.

ಇದೆಲ್ಲ ಬಂದು ಬೀಳುವುದು ಮಕ್ಕಳ ಮೇಲೆ. ಇಲ್ಲಿ ಅವರ ಗೆಳೆಯರ ಮನೆಗಳಲ್ಲಿ ನಾಯಿಗೆ ಸ್ವೆಟರ್ ಹಾಕಿ, ತಳ್ಳುಗಾಡಿಯಲ್ಲಿ ಕೂರಿಸಿ ಪಾರ್ಕಿಗೆ ಕರೆದೊಯ್ಯುತ್ತಾರೆ. ಮಗು ನೋಡುವ ಕೊರಿಯಾ ಅದೇ. ರಜೆಗೆ ಊರಿಗೆ ಹೋದರೆ ಚಿಕ್ಕಪ್ಪನೋ ಮಾವನೋ ತಮಾಷೆಗೆ "ಏನೋ, ನಾಯಿ ತಿಂದ್ಯಾ?" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮಗು ನಗುವುದಿಲ್ಲ. ತನ್ನ ಕ್ಲಾಸಿನವರನ್ನೆಲ್ಲ ಬೈದ ಹಾಗೆ ಅದಕ್ಕೆ. ಕನ್ನಡದಲ್ಲಿ ಎದುರು ಉತ್ತರ ಕೊಡುವಷ್ಟು ಮಾತು ಬಾಯಿಗೆ ಬರುವುದಿಲ್ಲ, ಅಜ್ಜಿ ಹತ್ತಿರ ಹೋಗಿ ಕೂರುತ್ತದೆ. ಆ ಮಾತು ಕಲಿಸದೆ ಬಿಟ್ಟವರು ನಾವೇ, ಅಲ್ವಾ?

ಟಿಕೆಟ್ ಬುಕ್ ಮಾಡಿದ ದಿನವೇ ಮನೆಗೆ ಫೋನ್ ಮಾಡಿ ಹೇಳಿಬಿಡಿ, ಮಗುವಿನ ಮುಂದೆ ಆ ಜೋಕು ಬೇಡ ಅಂತ. ಕೋಪ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.