ರ‍್ಯಾಂಕ್ ಹೋಗಿ ರ್ಯಾಂಕ್ ಆದಾಗ

ಸಿರಾ ಗೇಟ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕ ಒಂದು ಬೆಳಿಗ್ಗೆ ಫೋನ್ ಮಾಡಿದರು. "ಏನಪ್ಪಾ, ನಿನ್ನ ಸಾಫ್ಟ್‌ವೇರು ರ‍್ಯಾಂಕ್ ಅನ್ನೋದನ್ನೇ ಕೆಡಿಸ್ತಿದೆ. ಕಾಲೇಜಿನವರು ಪಟ್ಟಿ ವಾಪಸ್ ಕಳಿಸಿದ್ದಾರೆ."

ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸುವ ಚಿಕ್ಕ ಪ್ರೋಗ್ರಾಂ ಅದು. ತುಮಕೂರಿನ ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಕೂತು ಬರೆದಿದ್ದೆ. ಯಾರು ಬೇಕಾದರೂ ಬದಲಾಯಿಸಿ ಹಂಚಬಹುದಾದ ಜಿಪಿಎಲ್ ಪರವಾನಗಿ ಹಾಕಿ ಬಿಟ್ಟಿದ್ದೆ. ಒಂದು ಲಿನಕ್ಸ್ ಡಿಸ್ಟ್ರೋದವರು, ಅಂದರೆ ಲಿನಕ್ಸ್ ಜೊತೆ ಸಾವಿರಾರು ಪ್ರೋಗ್ರಾಂಗಳನ್ನು ಪ್ಯಾಕೇಜುಗಳಾಗಿ ಕಟ್ಟಿ ಹಂಚುವವರು, ಅದನ್ನು ತಮ್ಮ ಭಂಡಾರಕ್ಕೆ ಸೇರಿಸಿಕೊಂಡಾಗ ಮನೆಯಲ್ಲಿ ಪಾಯಸ ಮಾಡಿಸಿದ್ದೂ ಉಂಟು.

ನನ್ನ ಕಂಪ್ಯೂಟರಿನಲ್ಲಿ ರ‍್ಯಾಂಕ್ ಸರಿಯಾಗೇ ಬರುತ್ತಿತ್ತು. ಅಕ್ಕನ ಹತ್ತಿರ ಇದ್ದದ್ದು ಆ ಡಿಸ್ಟ್ರೋದಿಂದ ಬಂದದ್ದು, ಆದರೂ ಅದೇ ಆವೃತ್ತಿ, ಅದೇ ನಂಬರು. ಭಾನುವಾರ ಇಡೀ ತಲೆ ಕೆರೆದುಕೊಂಡೆ. ಸಂಜೆ ಡಿಸ್ಟ್ರೋದ ಮೂಲ ಪ್ಯಾಕೇಜ್ ಬಿಚ್ಚಿ ನೋಡಿದರೆ ಒಳಗೆ ನಾನು ಬರೆಯದ ಒಂದು ಪ್ಯಾಚ್, ಅಂದರೆ ಕೋಡಿಗೆ ಹಾಕಿದ ತಿದ್ದುಪಡಿ, ಕೂತಿತ್ತು.

ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಅದು ಸುಲಭ. ಕಷ್ಟ ಇರುವುದು ರ‍್ಯಾಂಕ್‌ನಂಥ ಪದದಲ್ಲಿ. ಇಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು. ಅದಕ್ಕೆ ರ ಆದಮೇಲೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಗುರುತು ಹಾಕಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ. ಪ್ಯಾಕೇಜ್ ನೋಡಿಕೊಳ್ಳುವವರು ಕಾಣದ ಗುರುತುಗಳನ್ನೆಲ್ಲ ಗುಡಿಸಿ ಹಾಕಿದ್ದರು. ಯಾರೋ ಬಳಕೆದಾರರು, ಪದ ಹುಡುಕಿದರೆ ಸಿಗುತ್ತಿಲ್ಲ ಎಂದು ದೂರು ಕೊಟ್ಟಿದ್ದರಂತೆ. ದೂರು ನಿಜವೇ. ಮದ್ದು ಮಾತ್ರ ತಪ್ಪು.

ಮೊದಲು ಬರೆದ ಮೇಲ್ ಖಾರವಾಗಿತ್ತು, ಪುಣ್ಯಕ್ಕೆ ಕಳಿಸಲಿಲ್ಲ. ಬದಲಾಯಿಸುವ ಹಕ್ಕು ಕೊಟ್ಟವನು ನಾನೇ, ಅಲ್ವಾ? ಆದರೂ ಸಿಟ್ಟು ಬಂದದ್ದು ಯಾಕೆಂದರೆ, ಬದಲಾವಣೆ ಅವರದು, ಬೈಗುಳ ನನ್ನದು.

ಇಂಥ ಜಗಳ ಹಳೆಯದು. 2006ರಲ್ಲಿ ಡೆಬಿಯನ್ ಎಂಬ ಡಿಸ್ಟ್ರೋದವರು, ಗುಪ್ತ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಪರೀಕ್ಷಾ ಉಪಕರಣ ಎಚ್ಚರಿಕೆ ಕೊಡುತ್ತಿದೆ ಎಂದು ಕೋಡ್ ತೆಗೆದರು. ಕೀಲಿಗಳನ್ನು ಊಹಿಸಲಾಗದಂತೆ ಮಾಡುವ ಯಾದೃಚ್ಛಿಕತೆಯೇ ಹೋಯಿತು. 2008ರ ಮೇವರೆಗೆ ಲೋಕಕ್ಕೆ ಗೊತ್ತಾಗಲಿಲ್ಲ. ಒಂದು ಬಗೆಯ, ಒಂದು ಅಳತೆಯ ಕೀಲಿಗೆ 32,768ರಷ್ಟೇ ಸಾಧ್ಯತೆ ಉಳಿದಿತ್ತು. ಅಲ್ಲೂ ಗುಡಿಸಿದವರ ಮನಸ್ಸು ಒಳ್ಳೆಯದೇ. ಅದೇ 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಸಂಸ್ಥೆ ಡೆಬಿಯನ್‌ನವರಿಗೆ, ನೀವು ತಿದ್ದಿದ್ದನ್ನು ನಮ್ಮ ಒಪ್ಪಿಗೆಯಿಲ್ಲದೆ ಫೈರ್‌ಫಾಕ್ಸ್ ಹೆಸರಲ್ಲಿ ಕೊಡಬೇಡಿ ಎಂದಿತು. ಡೆಬಿಯನ್‌ನಲ್ಲಿ ಅದು ಐಸ್‌ವೀಸಲ್ ಆಯಿತು, 2016ರವರೆಗೂ.

ಹೆಸರಿನ ಜಗಳ ನನಗೆ ಬೇಡವಾಗಿತ್ತು. ಎರಡನೇ ಮೇಲ್‌ನಲ್ಲಿ ರ‍್ಯಾಂಕ್, ರ‍್ಯಾಲಿ ಎರಡರ ಚಿತ್ರ ಹಾಕಿ ಕಳಿಸಿದೆ. ಪ್ಯಾಕೇಜ್ ನೋಡಿಕೊಳ್ಳುವವರಿಗೆ ಕನ್ನಡ ಬರುವುದಿಲ್ಲ, ಚಿತ್ರ ನೋಡಿದ್ದೇ ಅರ್ಥವಾಯಿತು. ಉತ್ತರದಲ್ಲಿ ಒಂದು ಮಾತು ಕೇಳಿದರು: ನಿನ್ನ ಪರೀಕ್ಷೆಗಳು ಎಲ್ಲಿ? ಪೆಚ್ಚಾದೆ. ಪ್ರೋಗ್ರಾಂ ಸರಿ ನಡೆಯುತ್ತಿದೆಯೇ ಎಂದು ತಾನಾಗಿ ನೋಡುವ ಪರೀಕ್ಷೆಗಳನ್ನು ಬರೆದಿದ್ದೆ, ಆದರೆ ಬಿಡುಗಡೆಯ ಫೈಲಿಗೆ ಸೇರಿಸಿರಲಿಲ್ಲ. ಸೇರಿಸಿದ್ದರೆ ಅವರು ಪ್ಯಾಕೇಜ್ ಕಟ್ಟುವಾಗಲೇ ಕೆಂಪು ದೀಪ ಹತ್ತುತ್ತಿತ್ತು.

ಈಗ ಪರೀಕ್ಷೆಗಳು ಜೊತೆಗೇ ಹೋಗುತ್ತವೆ. ಪದ ಹುಡುಕುವಾಗ ಆ ಗುರುತನ್ನು ಕಡೆಗಣಿಸುವ ಸೌಲಭ್ಯ ನಾನೇ ಹಾಕಿದೆ, ಅವರು ಪ್ಯಾಚ್ ತೆಗೆದರು. ತಿದ್ದಿದ ಪ್ಯಾಕೇಜಾದರೆ 'ಕುರಿತು' ಕಿಟಕಿಯಲ್ಲಿ ಅವರ ಗುರುತೂ ಕಾಣುತ್ತದೆ. ಯಾರು ದೂರಿದರೂ ಮೊದಲು ಅದನ್ನೇ ಓದಿಸುತ್ತೇನೆ.

ಒಂದು ತಕರಾರು ಹಾಗೇ ಇದೆ. ಅವರ ಸ್ಥಿರ ಆವೃತ್ತಿಗೆ ಹೊಸದು ಬೇಗ ಹೋಗುವುದಿಲ್ಲ, ದೊಡ್ಡ ದೋಷ ಇದ್ದರೆ ಮಾತ್ರ ತಿದ್ದುತ್ತಾರೆ. ಸಾವಿರಾರು ಪ್ಯಾಕೇಜು ಒಟ್ಟಿಗೆ ನಡೆಯಬೇಕಾದವರಿಗೆ ಅದು ಸರಿ ಇರಬಹುದು. ಆದರೆ ಒಂದು ಒತ್ತಕ್ಷರ ದೊಡ್ಡ ದೋಷವೋ ಅಲ್ಲವೋ ಎಂದು ವಾದಿಸಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅಕ್ಕನ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಎರಡು ಸಲ ಹೋಗಿ ಬಂದಿದ್ದೆ. ಎರಡನೇ ಸಲ ಕಾಫಿ ಕೊಟ್ಟರು.