ಬದಿಯಡ್ಕದ ಅಂಗಡಿ ಲೆಕ್ಕಕ್ಕೆ ವೂಕಾಮರ್ಸ್ ಜೋಡಿಸಿದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಹಾಳೆತಟ್ಟೆ, ಹಲಸಿನ ಹಪ್ಪಳ, ಮಾಂಬಳ ಮಾರುವ ಅಂಗಡಿ. ಕೌಂಟರಿನಲ್ಲೂ ವ್ಯಾಪಾರ, ವೂಕಾಮರ್ಸ್‌ನಲ್ಲಿ (ವರ್ಡ್‌ಪ್ರೆಸ್ ಸೈಟಿಗೆ ಅಂಗಡಿ ಸೇರಿಸುವ ಪ್ಲಗಿನ್) ಕಟ್ಟಿದ ಆನ್‌ಲೈನ್ ಅಂಗಡಿಯಲ್ಲೂ ವ್ಯಾಪಾರ. ದಾಸ್ತಾನು ಮಾತ್ರ ಒಂದೇ. ಆನ್‌ಲೈನ್ ಆರ್ಡರುಗಳನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿ, ಉಳಿದ ಮಾಲಿನ ಲೆಕ್ಕವನ್ನು ವಾಪಸು ಏರಿಸಲು ಪೈಥಾನಿನಲ್ಲಿ ಬರೆದ ಪ್ರೋಗ್ರಾಮಿನ ವಿವರ ಇದು. ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ, ಕೊಡುವ ದಾರಿ) ಜೊತೆ ಮಾತಾಡಿಸುವುದು ದೊಡ್ಡ ಕೆಲಸವೇನಲ್ಲ. ಮಳೆಗಾಲದಲ್ಲಿ ನಡುವೆಯೇ ಕರೆಂಟು ಹೋದರೂ ಒಂದು ಆರ್ಡರೂ ತಪ್ಪಬಾರದು, ಒಂದೂ ಎರಡು ಸಲ ದಾಖಲಾಗಬಾರದು. ಹೆಚ್ಚಿನ ಸಾಲುಗಳೆಲ್ಲ ಅದಕ್ಕೇ ಖರ್ಚಾಗುತ್ತವೆ.

ಮೊದಲು ಕೀ, ಅಂದರೆ ಎಪಿಐಗೆ ಪ್ರವೇಶ ಕೊಡುವ ಗುಪ್ತಪದ. ವೂಕಾಮರ್ಸ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ರೆಸ್ಟ್ ಎಪಿಐ ಎಂಬ ವಿಭಾಗವಿದೆ. ಅಲ್ಲಿ ಕೀ ಸೇರಿಸಿದರೆ ಎರಡು ಉದ್ದನೆಯ ಸಾಲು ಸಿಗುತ್ತವೆ: ‘ಸಿಕೆ’ಯಿಂದ ಶುರುವಾಗುವ ಕನ್ಸ್ಯೂಮರ್ ಕೀ, ‘ಸಿಎಸ್’ನಿಂದ ಶುರುವಾಗುವ ಸೀಕ್ರೆಟ್. ಸೀಕ್ರೆಟ್ ತೋರಿಸುವುದು ಒಂದೇ ಸಲ, ಆಗಲೇ ನಕಲು ಮಾಡಿಕೊಳ್ಳಬೇಕು. ಆರ್ಡರ್ ಇಳಿಸುವ ಭಾಗಕ್ಕೆ ಓದುವ ಅನುಮತಿ ಮಾತ್ರ ಇರುವ ಕೀ, ದಾಸ್ತಾನು ಏರಿಸುವ ಭಾಗಕ್ಕೆ ಬೇರೆ ಕೀ ಕೊಟ್ಟಿದ್ದೇನೆ. ಪ್ರಯೋಗ ಮಾಡುವಾಗ ಕೈತಪ್ಪಿ ಬೆಲೆ ಬದಲಾಗುವ ಭಯ ಇರುವುದಿಲ್ಲ. ಎರಡನ್ನೂ ಕೋಡಿನೊಳಗೆ ಬರೆಯದೆ ಪ್ರತ್ಯೇಕ ಫೈಲಿನಲ್ಲಿಡಬೇಕು. ವರ್ಡ್‌ಪ್ರೆಸ್‌ನ ಪರ್ಮಾಲಿಂಕ್ (ಪುಟಗಳ ವಿಳಾಸದ ರೂಪ) ‘ಪ್ಲೇನ್’ ಎಂದಿದ್ದರೆ ಎಪಿಐ ವಿಳಾಸಕ್ಕೆ 404 (ಸಿಗಲಿಲ್ಲ) ಬರುತ್ತದೆ. ಅದನ್ನು ಬೇರೆ ಯಾವುದಾದರೂ ರೂಪಕ್ಕೆ ಬದಲಿಸಿದರೆ ಸಾಕು.

ಕೀ ಸರಿಯಿದ್ದೂ 401 (ಗುರುತು ಸಾಬೀತಾಗಿಲ್ಲ) ಬಂದರೆ ನೋಡಬೇಕಾದದ್ದು ಎರಡು. ಒಂದು, ಕೆಲವು ಸರ್ವರ್‌ಗಳು ಕೀಯನ್ನು ಹೊತ್ತ ಆಥರೈಸೇಶನ್ ಹೆಡರನ್ನು (ವಿನಂತಿಯ ತಲೆಬರಹ) ವರ್ಡ್‌ಪ್ರೆಸ್ ನಡೆಸುವ ಪಿಎಚ್‌ಪಿವರೆಗೆ ದಾಟಿಸುವುದೇ ಇಲ್ಲ. ಕನ್ಸ್ಯೂಮರ್ ಕೀ ಇಲ್ಲ ಎಂಬ ಸಂದೇಶ ಬರುತ್ತದೆ. ಕೀಗಳನ್ನು ವಿಳಾಸದ ಬಾಲಕ್ಕೆ ಸೇರಿಸಿ ಕಳಿಸಿದರೆ ಕೆಲಸವೇನೋ ಆಗುತ್ತದೆ, ಆದರೆ ಅವು ಸರ್ವರಿನ ಲಾಗ್‌ನಲ್ಲಿ ಬಟ್ಟಬಯಲಾಗಿ ಉಳಿಯುತ್ತವೆ. ಸರ್ವರ್ ಸೆಟ್ಟಿಂಗನ್ನೇ ಸರಿಪಡಿಸಿಕೊಳ್ಳುವುದು ಮೇಲು. ಎರಡು, ವಿಳಾಸದ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’. ಸೈಟು ಅದಿಲ್ಲದ ವಿಳಾಸಕ್ಕೆ ತಿರುಗಿಸುವಂತಿದ್ದು ನೀವು ಅದನ್ನು ಸೇರಿಸಿ ಬರೆದರೆ, ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಬೇರೆ ಹೋಸ್ಟಿಗೆ ಹೋಗುವಾಗ ಕೀಯನ್ನು ಕೈಬಿಡುತ್ತದೆ. 301ರಲ್ಲಿ (ಬೇರೆ ವಿಳಾಸಕ್ಕೆ ಹೋಗೆಂಬ ಉತ್ತರ) ಹೊಸದನ್ನು ಸೇರಿಸುವ ಪೋಸ್ಟ್ ವಿನಂತಿ ಬರೀ ಓದುವ ಗೆಟ್ ಆಗಿಬಿಡುವುದೂ ಉಂಟು: ಎಚ್‌ಟಿಟಿಪಿಎಸ್‌ನ ಕೊನೆಯ ‘ಎಸ್’ ಬಿಟ್ಟು ಪೋಸ್ಟ್ ಮಾಡಿದರೆ 200 (ಸರಿಯಾಯಿತು) ಎಂಬ ಉತ್ತರ, ಜೊತೆಗೆ ಒಂದು ಪಟ್ಟಿ, ಹೊಸದಾಗಿ ಏನೂ ಸೇರಿರುವುದಿಲ್ಲ.

ಉತ್ತರ ಜೆಸನ್ (ಪ್ರೋಗ್ರಾಂ ಓದಬಲ್ಲ ಮಾಹಿತಿಯ ರೂಪ) ಆಗಿಯೇ ಇರುತ್ತದೆಂದು ನಂಬಬಾರದು. ಫೈರ್‌ವಾಲ್ ಅಡ್ಡ ಬಂದರೆ 403ರ (ಪ್ರವೇಶವಿಲ್ಲ) ಜೊತೆ ಎಚ್‌ಟಿಎಮ್‌ಎಲ್ ಪುಟ ಬರುತ್ತದೆ. ಮೊದಲು ಸ್ಟೇಟಸ್, ಆಮೇಲೆ ಕಂಟೆಂಟ್ ಟೈಪ್, ಕೊನೆಗೆ ಒಳಗಿನ ವಿಷಯ, ಈ ಕ್ರಮದಲ್ಲಿ ನೋಡುತ್ತೇನೆ. ರಿಕ್ವೆಸ್ಟ್ಸ್‌ಗೆ ತನ್ನದೇ ಟೈಮ್‌ಔಟ್ (ಕಾಯುವ ಮಿತಿ) ಇಲ್ಲ. ಕೊಡದಿದ್ದರೆ ನೆಟ್ ಸತ್ತಾಗ ಪ್ರೋಗ್ರಾಂ ಹಾಗೆಯೇ ಕೂತಿರುತ್ತದೆ. ಸಂಪರ್ಕಕ್ಕೆ 5, ಉತ್ತರಕ್ಕೆ 30 ಸೆಕೆಂಡು ಇಟ್ಟಿದ್ದೇನೆ. ಸರ್ವರ್ ಸದ್ಯಕ್ಕೆ ಆಗದು ಎನ್ನುವ 429, 502, 503, 504 ಬಂದರೆ 2, 4, 8 ಸೆಕೆಂಡು ಬಿಟ್ಟು ಮತ್ತೆ ಕೇಳುವುದು. 401, 403, 404ಕ್ಕೆ ಮತ್ತೆ ಮತ್ತೆ ಕೇಳಿ ಪ್ರಯೋಜನವಿಲ್ಲ.

ಆರ್ಡರ್ ಬಂದ ಕೂಡಲೇ ವೆಬ್‌ಹುಕ್ (ಸೈಟೇ ಇನ್ನೊಂದು ವಿಳಾಸಕ್ಕೆ ಕಳಿಸುವ ಸೂಚನೆ) ತಾನಾಗಿ ತಿಳಿಸುತ್ತದಲ್ಲ ಎಂದು ಕೇಳಬಹುದು. ಅಂಗಡಿಯ ಕಂಪ್ಯೂಟರ್ ರೌಟರಿನ ಹಿಂದಿದೆ, ಹೊರಗಿನಿಂದ ತಲುಪುವ ಐಪಿ ಅದಕ್ಕಿಲ್ಲ. ಇದ್ದರೂ, ಸತತ 5 ಸಲ ತಲುಪಿಸಲಾಗದಿದ್ದರೆ ವೂಕಾಮರ್ಸ್ ಆ ವೆಬ್‌ಹುಕ್ಕನ್ನೇ ನಿಲ್ಲಿಸುತ್ತದೆ. ಒಂದು ಸಂಜೆ ಕರೆಂಟು ಇಲ್ಲದಿದ್ದರೆ ಅಷ್ಟು ಸಾಕು. ಹಾಗಾಗಿ 5 ನಿಮಿಷಕ್ಕೊಮ್ಮೆ ಇಲ್ಲಿಂದಲೇ ಕೇಳುವ ದಾರಿ ಹಿಡಿದೆ: ‘ಮಾಡಿಫೈಡ್ ಆಫ್ಟರ್’ಗೆ (ಇದರ ನಂತರ ಬದಲಾದವು ಮಾತ್ರ) ಕಳೆದ ಸಲದ ಸಮಯ, ಐಡಿಯ ಏರಿಕೆ ಕ್ರಮ, ಪುಟಕ್ಕೆ 100. ಏನೂ ಹೇಳದಿದ್ದರೆ ಪುಟಕ್ಕೆ 10 ಮಾತ್ರ ಬರುತ್ತವೆ, 100 ಮಿತಿ. ಒಟ್ಟು ಪುಟ ಎಷ್ಟೆಂದು ಉತ್ತರದ ಹೆಡರಿನಲ್ಲೇ ಇರುತ್ತದೆ.

ಸಮಯದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಸೈಟು ಯುಟಿಸಿಯಲ್ಲಿದ್ದು (ಇಲ್ಲಿ ಜಿಎಮ್‌ಟಿ ಎಂದರೂ ಅದೇ) ಪ್ರೋಗ್ರಾಂ ಭಾರತದ ಸಮಯ ಕಳಿಸಿದರೆ, ಐದೂವರೆ ಗಂಟೆ ಮುಂದಿನ ಆರ್ಡರುಗಳನ್ನು ಕೇಳಿದ ಹಾಗಾಯಿತು. ಉತ್ತರ 200, ಪಟ್ಟಿ ಖಾಲಿ, ದೋಷದ ಸುಳಿವೇ ಇಲ್ಲ. ಎಲ್ಲ ಕಡೆ ಜಿಎಮ್‌ಟಿಯನ್ನೇ ಇಟ್ಟು, ‘ಡೇಟ್ಸ್ ಆರ್ ಜಿಎಮ್‌ಟಿ’ ಎಂಬುದನ್ನು ಟ್ರೂ ಮಾಡಿ ಕಳಿಸಿದರೆ ತಕರಾರಿಲ್ಲ. ಪ್ರತಿ ಸಲ 10 ನಿಮಿಷ ಹಿಂದಕ್ಕೆ ಸರಿಸಿಯೇ ಕೇಳುತ್ತೇನೆ. ಇದರಿಂದ ಕೆಲವು ಆರ್ಡರ್ ಮತ್ತೆ ಬರುತ್ತವೆ, ಬರಲಿ. ಅಂಗಡಿಯ ಕಂಪ್ಯೂಟರಿನ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಆರ್ಡರ್ ಐಡಿಯೇ ಪ್ರೈಮರಿ ಕೀ, ಅಂದರೆ ಒಂದು ಐಡಿಗೆ ಒಂದೇ ದಾಖಲೆ. ಇದ್ದದ್ದು ಮತ್ತೆ ಬಂದರೆ ಅದರ ಸ್ಥಿತಿಯಷ್ಟೇ ಬದಲಾಗುತ್ತದೆ, ದಾಸ್ತಾನಿನಿಂದ ಇನ್ನೊಮ್ಮೆ ಕಳೆಯುವುದಿಲ್ಲ. ಆರ್ಡರುಗಳೂ ‘ಕಳೆದ ಸಲದ ಸಮಯ’ವೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಉಳಿದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ) ಉಳಿಯಬೇಕು. ಸಮಯ ಮೊದಲು ಉಳಿದು ಆರ್ಡರ್ ಬರೆಯುವಷ್ಟರಲ್ಲಿ ಕರೆಂಟು ಹೋದರೆ ಆ ಆರ್ಡರ್ ಕೈತಪ್ಪಿದಂತೆಯೇ.

‘ಪ್ರೊಸೆಸಿಂಗ್’ ಸ್ಥಿತಿಯವನ್ನು ಮಾತ್ರ ಕೇಳಿ, ಪುಟ ಓದುತ್ತಲೇ ಅವನ್ನು ‘ಕಂಪ್ಲೀಟೆಡ್’ ಮಾಡುವವರಿದ್ದಾರೆ. ಮೊದಲ ಪುಟದ 100 ಪಟ್ಟಿಯಿಂದ ಹೊರಬಿದ್ದರೆ ಎರಡನೇ ಪುಟದವು ಮೊದಲಿನದಕ್ಕೆ ಜರುಗುತ್ತವೆ. ನೀವು ಎರಡನೆಯದನ್ನು ಕೇಳಿದಾಗ ಆ 100 ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಪುಟ ತಂದ ಮೇಲೆಯೇ ಸ್ಥಿತಿಗೆ ಕೈಹಾಕಬೇಕು.

ಮೊತ್ತಗಳು "540.00" ಎಂದು ಅಕ್ಷರರೂಪದಲ್ಲಿ ಬರುತ್ತವೆ. ಪೈಥಾನಿನ ಡೆಸಿಮಲ್‌ಗೆ (ನಿಖರ ದಶಮಾಂಶ) ಪರಿವರ್ತಿಸಿ, ಫ್ಲೋಟ್ (ಅಂದಾಜು ದಶಮಾಂಶ) ಬೇಡ.

ದಾಸ್ತಾನು ಏರಿಸುವಾಗ ಎಪಿಐ ಕೇಳುವುದು ಕಳೆಯಬೇಕಾದ ಸಂಖ್ಯೆಯನ್ನಲ್ಲ, ಉಳಿದ ಸಂಖ್ಯೆಯನ್ನು. 12 ಕಟ್ಟು ಎಂದು ಕಳಿಸುವ ಹೊತ್ತಿಗೆ ಆನ್‌ಲೈನಿನಲ್ಲಿ 2 ಮಾರಾಟವಾಗಿ 10 ಆಗಿದ್ದರೆ, ಅದು ಮತ್ತೆ 12 ಆಗುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಮೊದಲು ಆರ್ಡರ್ ಇಳಿಸಿ, ಲೆಕ್ಕ ಹಾಕಿ, ಆಮೇಲೆ ಏರಿಸುವುದು. ಆದರೂ ಕೆಲವು ಸೆಕೆಂಡಿನ ಸಂದು ಉಳಿಯುತ್ತದೆ. ಬೇಗ ಖಾಲಿಯಾಗುವ 12 ಇಂಚಿನ ಹಾಳೆತಟ್ಟೆಯಲ್ಲಿ 5 ಕಟ್ಟು ಕೌಂಟರಿಗೆಂದು ಬದಿಗಿಟ್ಟು ಉಳಿದದ್ದನ್ನಷ್ಟೇ ತೋರಿಸುತ್ತೇವೆ. ಉಳಿದ ಸಂಖ್ಯೆಯನ್ನೇ ಕಳಿಸುವುದರಿಂದ ಒಂದು ಲಾಭವೂ ಇದೆ: ಉತ್ತರ ಬರದೆ ಅದನ್ನೇ ಕೂಡಲೇ ಇನ್ನೊಮ್ಮೆ ಕಳಿಸಿದರೂ ಲೆಕ್ಕ ಎರಡು ಸಲ ಇಳಿಯುವುದಿಲ್ಲ. ಬ್ಯಾಚ್ ವಿಳಾಸಕ್ಕೆ ಒಮ್ಮೆಗೆ 100 ಸಾಮಗ್ರಿ ಕಳಿಸಬಹುದು, ಆದರೆ ಒಳಗೆ ಒಂದೆರಡು ಸೋತರೂ ಹೊರಗೆ 200 ಬರುತ್ತದೆ. ಪ್ರತಿಯೊಂದರೊಳಗೂ ‘ಎರರ್’ ಇದೆಯೇ ನೋಡಬೇಕು.

ಗಡಿಯ ಅಂಗಡಿಗೆ ರಾಜ್ಯದ ಕೋಡು ದೊಡ್ಡ ವಿಷಯ. ಮಾಲು ಕೇರಳದೊಳಗೇ ಹೋದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ತಲಪಾಡಿಯ ಗಡಿ ದಾಟಿದರೆ ಐಜಿಎಸ್‌ಟಿ. ವೂಕಾಮರ್ಸ್ ಕೊಡುವುದು ಎರಡಕ್ಷರದ ಕೋಡು. ಜಿಎಸ್‌ಟಿ ಬಿಲ್ಲಿಗೆ ಬೇಕಾದದ್ದು ಕೇರಳಕ್ಕೆ 32, ಕರ್ನಾಟಕಕ್ಕೆ 29. ಫಾರ್ಮಿನಲ್ಲಿ ಅಂಗಡಿಯ ರಾಜ್ಯವೇ ಮೊದಲೇ ಆಯ್ಕೆಯಾಗಿರುವಂತಿದ್ದರೆ ಮಂಗಳೂರಿನ ಗಿರಾಕಿಯೂ ಕೇರಳವೆಂದೇ ಬಿಟ್ಟಿರುತ್ತಾರೆ. ಹಾಗಾಗಿ ಮಾಲು ತಲುಪಬೇಕಾದ ವಿಳಾಸದ ಪಿನ್ ಜೊತೆ ತಾಳೆ ನೋಡುತ್ತೇನೆ: 671 ಕಾಸರಗೋಡು, 574 ಮತ್ತು 575 ಕರ್ನಾಟಕ. 67, 68, 69 ಎಂದರೆ ಕೇರಳ ಎಂದು ಕಣ್ಣುಮುಚ್ಚಿ ಬರೆಯುವಂತಿಲ್ಲ. ಮಾಹೆಯ 673310 ಪುದುಚೇರಿಗೆ ಸೇರಿದ್ದು, ಲಕ್ಷದ್ವೀಪದ ಪಿನ್‌ಗಳು 68255ರಿಂದ ಶುರು. ತಾಳೆಯಾಗದ ಬಿಲ್ಲನ್ನು ಪ್ರೋಗ್ರಾಂ ತಡೆಹಿಡಿಯುತ್ತದೆ, ಅಂಗಡಿಯವರು ಗಿರಾಕಿಗೆ ಫೋನು ಮಾಡಿ ಕೇಳುತ್ತಾರೆ.

ಹೆಸರು, ವಿಳಾಸ ಕನ್ನಡದಲ್ಲೂ ಬರುತ್ತವೆ, ಮಲಯಾಳದಲ್ಲೂ ಬರುತ್ತವೆ. ಕನ್ನಡದ ‘ೊ’, ‘ೋ’ಗಳನ್ನು ತುಂಡುತುಂಡಾಗಿಯೂ ಬರೆಯಬಹುದಾದ್ದರಿಂದ ಹುಡುಕುವ ಮೊದಲು ಎನ್‌ಎಫ್‌ಸಿಗೆ (ತುಂಡುಗಳನ್ನು ಕೂಡಿಸುವ ಯೂನಿಕೋಡ್ ರೂಪ) ತರುತ್ತೇನೆ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಕ್ಕಿರುವ ಪ್ರತ್ಯೇಕ ಅಕ್ಷರ) ಅದೂ ಸಾಲದು. 2008ರ ಯೂನಿಕೋಡ್ 5.1ಕ್ಕೆ ಮುಂಚಿನ ರೂಪ, ಈಗಿನ ರೂಪ ಎರಡೂ ಚಾಲ್ತಿಯಲ್ಲಿವೆ, ಎನ್‌ಎಫ್‌ಸಿ ಅವನ್ನು ಒಂದಾಗಿಸುವುದಿಲ್ಲ. ಆದ್ದರಿಂದ ಸಾಮಗ್ರಿಯನ್ನು ಹೆಸರಿನಿಂದ ಹೊಂದಿಸುವ ಗೋಜಿಗೆ ಹೋಗದೆ ಎಸ್‌ಕೆಯುನಿಂದಲೇ (ಪ್ರತಿ ಸಾಮಗ್ರಿಗೆ ಕೊಟ್ಟ ಗುರುತಿನ ಕೋಡು) ಹೊಂದಿಸುವುದು. ಲೆಕ್ಕಪತ್ರದವರಿಗೆ ಕೊಡುವ ಸಿಎಸ್‌ವಿ ಫೈಲನ್ನು ಬಿಒಎಮ್ (ಫೈಲಿನ ಮೊದಲಲ್ಲಿ ಬರುವ ಗುರುತು) ಇರುವ ಯುಟಿಎಫ್-8ರಲ್ಲಿ ಉಳಿಸಬೇಕು, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿ. ವಿಳಾಸದ ಚೀಟಿಯನ್ನು ಚಿತ್ರವಾಗಿ ಮಾಡಿ ಥರ್ಮಲ್ ಪ್ರಿಂಟರಿಗೆ ಕಳಿಸುತ್ತೇನೆ; ಅಂಗಡಿಯ ಪ್ರಿಂಟರಿನ ಒಳಗೇ ಇರುವ ಫಾಂಟಿಗೆ ಒತ್ತಕ್ಷರ ಬರುವುದಿಲ್ಲ.